ಬಾನ್ ನಗರದ ತಾವರೆ ಎಲೆ

ರೈನ್ ನದಿಯ ದಂಡೆಯ ಬಾನ್ ನಗರಕ್ಕೆ ಬರುವ ಪ್ರವಾಸಿಕರು ಮೊದಲು ಅರಸುವುದು 1770ರಲ್ಲಿ ಬೀಥೋವನ್ ಜನಿಸಿದ ಮನೆಯನ್ನು. ಅಲ್ಲಿಂದ ಹೊರಟು ಚೆಸ್ಟ್‌ನಟ್ ಮರಗಳ ಸಾಲುದಾರಿಯಲ್ಲಿ ನಡೆದರೆ ಪಾಪೆಲ್ಸ್‌ಡಾರ್ಫ್ ಅರಮನೆ ಎದುರಾಗುತ್ತದೆ. ಕೊಲೋನಿನ ಪ್ರಭುಗಳ ವಿಹಾರಸ್ಥಾನವಾಗಿದ್ದ ಅದರ ಸುತ್ತಣ ತೋಟ 1818ರಲ್ಲಿ ವಿಶ್ವವಿದ್ಯಾನಿಲಯದ ಸಸ್ಯೋದ್ಯಾನವಾಯಿತು.

ತಾವರೆ ಎಲೆಯ ಮೇಲಣ ಹನಿಯಲ್ಲಿ ನಮ್ಮ ಹಿರಿಯರು ನಿರ್ಲಿಪ್ತತೆಯನ್ನು ಕಂಡರು. ಆ ಹನಿ ಅಂಟದಿರುವುದೇಕೆಂಬುದನ್ನು ಬಿಡಿಸಿ ತೋರಿಸಿದವರು ಈ ಉದ್ಯಾನದ ನಿರ್ದೇಶಕರಾಗಿದ್ದ ಸಸ್ಯಶಾಸ್ತ್ರಜ್ಞ ವಿಲ್ಹೆಲ್ಮ್ ಬಾರ್ಟ್‌ಲಾಟ್. ಬರಿಗಣ್ಣಿಗೆ ನುಣುಪಾಗಿ ತೋರುವ ಎಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿಯಲ್ಲಿ ಗುಬುಟುಗಳ ಬಯಲು. ಗುಬುಟುಗಳ ತುಂಬ ಮೇಣದ ನವುರಾದ ಎಳೆಗಳು. ಸಂದುಗಳಲ್ಲಿ ಗಾಳಿ ತುಂಬಿರುವುದರಿಂದ ನೀರು ತುದಿಗಳನ್ನಷ್ಟೇ ಮುಟ್ಟಿ, ಮುತ್ತಾಗಿ ಉರುಳುತ್ತದೆ. ಹೋಗುವಾಗ ಧೂಳನ್ನೂ ಒಯ್ಯುತ್ತದೆ. 1997ರಲ್ಲಿ ಅವರು ಸಹೋದ್ಯೋಗಿಯೊಡನೆ ಇದನ್ನು ಪ್ರಕಟಿಸಿದರು. 1999ರಲ್ಲಿ ಇದೇ ತತ್ತ್ವದ ಗೋಡೆಬಣ್ಣ ಮಾರುಕಟ್ಟೆಗೆ ಬಂದಿತು.

ಇದು ಬರಿಯ ಕುತೂಹಲದ ಮಾತಲ್ಲ. ಮಳೆಯಂಗಿ, ಡೇರೆ, ಪಾದರಕ್ಷೆಗಳಿಗೆ ದಶಕಗಳ ಕಾಲ ಬಳಿದದ್ದು ಫ್ಲೋರಿನ್ ಸಂಯುಕ್ತಗಳನ್ನು. ಅವು ನೀರನ್ನೂ ಎಣ್ಣೆಯನ್ನೂ ದೂಡಬಲ್ಲವು. ಆದರೆ ತಾವು ಮಾತ್ರ ಅಳಿಯವು. ಹೊಳೆಯ ನೀರಿನಲ್ಲಿ, ಮಣ್ಣಿನಲ್ಲಿ, ಕಡೆಗೆ ಮನುಷ್ಯನ ರಕ್ತದಲ್ಲಿಯೂ ಅವು ಸೇರಿಕೊಂಡಿವೆ. ಆದುದರಿಂದಲೇ ಅಂತಹ ಉಡುಪುಗಳ ಮಾರಾಟಕ್ಕೆ ಫ್ರಾನ್ಸ್ ದೇಶದ ಕಾನೂನು 2026ರ ಜನವರಿ 1ರಿಂದ ತಡೆಯೊಡ್ಡಿತು.

ವಿಷವಿಲ್ಲದ ಮೇಣದಿಂದಲೇ ನೀರನ್ನು ಗೆಲ್ಲಬಹುದೆಂಬುದಕ್ಕೆ ತಾವರೆಯೂ ನಮ್ಮ ಹಿತ್ತಿಲ ಕೆಸುವೂ ಸಾಕ್ಷಿ. ಆದರೆ ಬಟ್ಟೆಗೆ ಬಳಿದ ಲೇಪ ಉಜ್ಜಿದಂತೆಲ್ಲ ಸವೆಯುತ್ತದೆ, ಮತ್ತೆ ಬಳಿಯಬೇಕು. ಜೀವವಿರುವ ಎಲೆಯಾದರೋ ತನ್ನ ಮೇಣವನ್ನು ತಾನೇ ಮರಳಿ ಸ್ರವಿಸಿಕೊಳ್ಳುತ್ತದೆ. ಆ ವಿದ್ಯೆ ಮನುಷ್ಯನಿಗೆ ಇನ್ನೂ ಪೂರ್ಣವಾಗಿ ಒಲಿದಿಲ್ಲ.