ನಿಂತ ಗಡಿಯಾರ

ಮಧುಗಿರಿಯ ನಮ್ಮ ಮನೆಯ ಕಿಟಕಿಯಿಂದ ಏಕಶಿಲಾ ಬೆಟ್ಟ ಕಾಣಿಸುತ್ತದೆ. ಆ ಕಿಟಕಿಯ ಬಳಿ ಒಂದು ಮೇಜು. ಮೇಜಿನ ಮೇಲೆ ಬಿಳಿಯ ಬಟ್ಟೆ. ಬಟ್ಟೆಯ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕದಾದ ತಿರುಪುಗಳು. ಅಷ್ಟು ದೊಡ್ಡ ಬಂಡೆಯ ಎದುರಿಗೆ ಕುಳಿತು ಇಷ್ಟು ಸಣ್ಣ ವಸ್ತುಗಳನ್ನು ಹುಡುಕುವ ನನ್ನನ್ನು ಕಂಡು ಮನೆಯವರು ನಗುತ್ತಾರೆ. ಬಾಳೆಲ್ಲ ಮಕ್ಕಳಿಗೆ ಕನ್ನಡ ಕಲಿಸಿದವನು ನಿವೃತ್ತನಾದ ಮೇಲೆ ಗಡಿಯಾರ ರಿಪೇರಿ ಕಲಿಯಲು ಹೊರಟರೆ ನಗು ಬರುವುದು ಸಹಜ. ಆದರೆ ನಾನು ಈ ವಿದ್ಯೆಗೆ ಕೈ ಹಾಕಿದ್ದು ವಿನೋದಕ್ಕಾಗಿ ಅಲ್ಲ. ಒಂದು ತಪ್ಪನ್ನು ತಿದ್ದಿಕೊಳ್ಳುವುದಕ್ಕಾಗಿ.

1984ರಲ್ಲಿ ಮೊದಲ ಸಂಬಳ ಕೈಗೆ ಬಂದಾಗ ನಮ್ಮ ತಂದೆಯವರಿಗೆ ಎಚ್‌ಎಂಟಿ ಜನತಾ ಕೈಗಡಿಯಾರವೊಂದನ್ನು ತಂದುಕೊಟ್ಟಿದ್ದೆ. ಹೊಲಕ್ಕೆ ಹೋಗುವಾಗ ಅವರು ಅದನ್ನು ಬಿಚ್ಚಿ ದೇವರ ಗೂಡಿನಲ್ಲಿ ಇಡುತ್ತಿದ್ದರು. ಸಂಜೆ ಕೈಕಾಲು ತೊಳೆದು ಬಂದು ಅದಕ್ಕೆ ಕೀ ಕೊಡುವುದು ಅವರಿಗೆ ದೀಪ ಹಚ್ಚುವಷ್ಟೇ ನಿಯಮದ ಕೆಲಸವಾಗಿತ್ತು. ಅವರು ತೀರಿಕೊಂಡ ಮೇಲೆ ಗಡಿಯಾರವೂ ನಿಂತಿತು. ಬಹುಕಾಲದ ಅನಂತರ ಒಂದು ದಿನ ನಾನೇ ಅದರ ಹಿಂಬದಿಯ ಮುಚ್ಚಳ ತೆರೆದು, ಹೊಲಿಗೆ ಸೂಜಿಯಿಂದ ಒಂದು ಚಕ್ರವನ್ನು ತಳ್ಳಿದೆ. ಕೂದಲೆಳೆಯಂತಹ ಸುರುಳಿಯೊಂದು ಸೊಟ್ಟಗಾಗಿ ಮುದುಡಿಕೊಂಡಿತು. ಸುಮ್ಮನೆ ನಿಂತಿದ್ದ ಗಡಿಯಾರವನ್ನು ನಾನು ಕೆಡಿಸಿಯೇಬಿಟ್ಟಿದ್ದೆ.

ಬಸ್ ನಿಲ್ದಾಣದ ಬಳಿ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರಿದ್ದರು. ಅವರು ಅದನ್ನು ನೋಡಿ ನಿಟ್ಟುಸಿರಿಟ್ಟು, “ಮೇಷ್ಟ್ರೇ, ಒಂದನೇ ತರಗತಿಯ ಹುಡುಗನ ಕೈಗೆ ನೀವು ಪಂಪಭಾರತ ಕೊಡ್ತೀರಾ? ಮೊದಲು ಸತ್ತ ಗಡಿಯಾರಗಳ ಮೇಲೆ ಕೈ ಪಳಗಿಸಿಕೊಳ್ಳಿ. ಅವನ್ನು ಇನ್ನೊಂದು ಸಲ ಸಾಯಿಸೋಕಾಗಲ್ಲ” ಎಂದರು. ಅಂದಿನಿಂದ ನಾನು ಮತ್ತೆ ವಿದ್ಯಾರ್ಥಿಯಾದೆ.

ಸತ್ತ ಗಡಿಯಾರಗಳಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಎಚ್‌ಎಂಟಿ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರಗಳ ತಯಾರಿಕೆ ಆರಂಭಿಸಿತು. 1978ರಲ್ಲಿ ನಮ್ಮ ತುಮಕೂರಿನಲ್ಲಿಯೂ ಅದರ ಕಾರ್ಖಾನೆ ಬಂದಿತು. ಮದುವೆಯ ಉಡುಗೊರೆಯೆಂದರೆ ಎಚ್‌ಎಂಟಿ ಎನ್ನುವ ಕಾಲವೊಂದಿತ್ತು. ಬ್ಯಾಟರಿಯ ಗಡಿಯಾರಗಳು ಬಂದವು, ಮೊಬೈಲುಗಳು ಬಂದವು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಕಾರ್ಖಾನೆ ಮುಚ್ಚಿದರೂ ಗಡಿಯಾರಗಳು ಮನೆಮನೆಯ ಪೆಟ್ಟಿಗೆಗಳಲ್ಲಿ ಉಳಿದವು. ಶಿರಾದ ಸಂತೆಯಲ್ಲಿ ನಾಲ್ಕು ಸಿಕ್ಕವು. ಕೊರಟಗೆರೆಯ ನೆಂಟರು ಎರಡು ಕೊಟ್ಟರು. ಪಾವಗಡದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ತಂದೆಯ ಜನತಾ ಗಡಿಯಾರವನ್ನೇ ತಂದು, “ಸಾರ್, ನೀರು ಹೋಗಿ ಮುಳ್ಳುಗಳೆಲ್ಲ ತುಕ್ಕು ಹಿಡಿದಿವೆ. ನಿಮ್ಮ ಕಲಿಕೆಗಾದರೂ ಆಗಲಿ” ಎಂದು ನನ್ನ ಕೈಯಲ್ಲಿಟ್ಟ.

ಸಲಕರಣೆಗಳಿಗೆ ಹೆಚ್ಚು ಹಣ ಬೇಕಾಗಲಿಲ್ಲ. ಮೂರು ಸಣ್ಣ ಸ್ಕ್ರೂಡ್ರೈವರ್, ಒಂದು ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಧೂಳು ಊದುವ ರಬ್ಬರ್ ಬುರುಡೆ, ಗಡಿಯಾರದ ಎಣ್ಣೆ; ಇಷ್ಟೆ. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಇಡಲು ಅಡುಗೆಮನೆಯಿಂದ ಹಳೆಯ ಒಗ್ಗರಣೆ ಡಬ್ಬಿಯೊಂದು ಬಂದಿತು. ಸಾಸಿವೆಯ ಬಟ್ಟಲಿನಲ್ಲಿ ತಿರುಪು, ಜೀರಿಗೆಯ ಬಟ್ಟಲಿನಲ್ಲಿ ಚಕ್ರ!

ಗಡಿಯಾರದ ಒಳಗು ಒಂದು ಸಂಸಾರವಿದ್ದಂತೆ. ನಾವು ಕೀ ಕೊಟ್ಟಾಗ ಉಕ್ಕಿನ ಪಟ್ಟಿಯೊಂದು ಡಬ್ಬಿಯೊಳಗೆ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವ ಬಲ ಹಲ್ಲಿನ ಚಕ್ರಗಳ ಮೂಲಕ ಮುಂದೆ ಸಾಗುತ್ತದೆ. ತಡೆಯುವವರಿಲ್ಲದಿದ್ದರೆ ಆ ಬಲವೆಲ್ಲ ಕ್ಷಣದಲ್ಲಿ ತೀರಿಹೋಗುತ್ತಿತ್ತು. ಅತ್ತಿತ್ತ ಓಲಾಡುವ ಬ್ಯಾಲೆನ್ಸ್ ಚಕ್ರವೂ ಅದರ ನಡುವಿನ ಸುರುಳಿಯೂ ಅದನ್ನು ಅಳೆದಳೆದು ಬಿಡುತ್ತವೆ. ನಾವು ಕೇಳುವ ಟಿಕ್ ಟಿಕ್ ಎಂಬುದು ಹೀಗೆ ತಡೆದು ತಡೆದು ಬಿಡುವ ಸದ್ದು. ಜನತಾ ಗಡಿಯಾರದಲ್ಲಿ ಅದು ಸೆಕೆಂಡಿಗೆ 5 ಸಲ, ದಿನಕ್ಕೆ 4,32,000 ಸಲ. ಚಕ್ರಗಳ ಅಚ್ಚುಗಳು ಸವೆಯದಂತೆ ಅವನ್ನು ನಯವಾದ ಕೆಂಪು ಹರಳುಗಳಲ್ಲಿ ಕೂರಿಸಿರುತ್ತಾರೆ. 17 ಜ್ಯುವೆಲ್ಸ್ ಎಂದರೆ ಅದೇ.

ನನ್ನ ಮೊದಲ ಪಾಠ ಪೆಟ್ಟು ತಿಂದೇ ಬಂದಿತು. ಬಿಚ್ಚುವ ಮುನ್ನ ಪಟ್ಟಿಯ ಬಿಗಿಯನ್ನು ಮೆಲ್ಲಗೆ ಸಡಿಲಿಸಬೇಕು. ಅದನ್ನು ಮರೆತ ದಿನ ಚಕ್ರಗಳು ಗಿರ್ರನೆ ತಿರುಗಿ, ಒಂದರ ಹಲ್ಲು ಮುರಿಯಿತು. ಇನ್ನೊಂದು ದಿನ ಚಿಮಟದಿಂದ ಹಾರಿದ ತಿರುಪನ್ನು ಹುಡುಕುತ್ತ ಅರ್ಧ ದಿನ ನೆಲದ ಮೇಲೆ ತೆವಳಿದೆ. ಕೊನೆಗೆ ಅದು ನನ್ನ ಪಂಚೆಯ ಮಡಿಕೆಯಲ್ಲಿಯೇ ಇತ್ತು. ಹೀಗೆ ಐದು ಗಡಿಯಾರಗಳು ಹಾಳಾದವು. ಆರನೆಯದು ನಡೆಯಿತು. ನನ್ನ ತರಗತಿಯಲ್ಲಿ ಒಂದೇ ಕಾಗುಣಿತವನ್ನು ಹತ್ತು ಸಲ ತಪ್ಪುತ್ತಿದ್ದ ಮಕ್ಕಳ ನೆನಪು ಆಗ ಬಂದಿತು. ಅವರ ಮೇಲೆ ನಾನು ಎಷ್ಟು ಬೇಗ ಸಿಡುಕುತ್ತಿದ್ದೆ!

ಎರಡು ವರ್ಷಗಳ ಅನಂತರ ತಂದೆಯವರ ಗಡಿಯಾರವನ್ನು ಮತ್ತೆ ತೆರೆದೆ. ಕೆಟ್ಟ ಸುರುಳಿಯನ್ನು ನೇರ ಮಾಡುವ ಶಕ್ತಿ ನನಗಿನ್ನೂ ಬಂದಿರಲಿಲ್ಲ. ಆದರೆ ಪಾವಗಡದ ಗಡಿಯಾರದಲ್ಲಿ ಬ್ಯಾಲೆನ್ಸ್ ಚಕ್ರ ಸುರುಳಿಯ ಸಮೇತ ಸುಸ್ಥಿತಿಯಲ್ಲಿತ್ತು. ಎರಡೂ ಒಂದೇ ಮಾದರಿಯ ಯಂತ್ರಗಳು. ಒಂದರ ಅಂಗ ಇನ್ನೊಂದಕ್ಕೆ ಹೊಂದುತ್ತದೆ. ಆ ವಿದ್ಯಾರ್ಥಿಯ ಒಪ್ಪಿಗೆ ಕೇಳಿ, ಉಸಿರು ಬಿಗಿಹಿಡಿದು ಅದನ್ನು ಕೂರಿಸಿ, ಕೊನೆಯ ತಿರುಪು ಬಿಗಿದು ಸ್ವಲ್ಪ ಕೀ ಕೊಟ್ಟೆ. ಚಕ್ರ ಒಮ್ಮೆ ನಡುಗಿ, ಓಲಾಡತೊಡಗಿತು.

ಈಗ ಆ ಗಡಿಯಾರ ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ಅದನ್ನು ಸರಿಪಡಿಸುವುದು ಮುಂದಿನ ಪಾಠ. ಇಬ್ಬರು ತಂದೆಯರ ಗಡಿಯಾರಗಳು ಸೇರಿ ಒಂದಾಗಿ ನಡೆಯುತ್ತಿವೆ ಎಂದು ಹೇಳಿದಾಗ ನನ್ನ ವಿದ್ಯಾರ್ಥಿ ಮಾತಾಡಲಿಲ್ಲ. ಗಡಿಯಾರವನ್ನು ಕಿವಿಯ ಬಳಿ ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಅದಕ್ಕೆ ಕೀ ಕೊಡುತ್ತೇನೆ.