ಪುಟ್ಟಿಯ ಕೆಳಗೆ

ನಮ್ಮ ಹರಪನಹಳ್ಳಿ, ಕೊಟ್ಟೂರು ಸೀಮೆಯಲ್ಲಿ ಮಳೆ ಅಂದ್ರೆ ದೂರದ ನೆಂಟ. ಬಂದ್ರೆ ಬಂದ, ಇಲ್ಲಾಂದ್ರೆ ಇಲ್ಲ. ಮಂಗಳೂರಿನ ಗಾಡಿಗೆ ತುಕ್ಕು ಹಿಡಿದರೆ ಸಮುದ್ರದ ಗಾಳಿ ಅನ್ನಬಹುದು. ಈ ಒಣ ನೆಲದಲ್ಲಿ, ಬೇವಿನ ಮರದ ಕೆಳಗೆ ನಿಂತ ಅಪ್ಪನ ಓಮ್ನಿಗೆ ತುಕ್ಕು ಎಲ್ಲಿಂದ ಬಂತು? 2023ರ ಬೇಸಿಗೆಯಲ್ಲಿ ಒಂದು ವಾರದ ರಜೆ, ನಾಲ್ಕು ವೀಕೆಂಡು ಇದಕ್ಕೇ ಹೋದವು.

ಓಮ್ನಿ ಅಂದ್ರೆ 1984ರಲ್ಲಿ ಬಂದ ಮಾರುತಿ ವ್ಯಾನೇ, ಹೆಸರು ಆಮೇಲಿನದು. 2019ರಲ್ಲಿ ತಯಾರಿಕೆಯೇ ನಿಂತುಹೋಯ್ತು. ನಮ್ಮದು 2003ರದ್ದು. ಉಳ್ಳಾಗಡ್ಡಿ ಕೈ ಹಿಡಿದ ಒಂದು ವರ್ಷ ಅಪ್ಪ ಸೆಕೆಂಡ್‌ಹ್ಯಾಂಡ್ ತಂದಿದ್ದ. ನಂಬರು ಕೆಎ 17, ಅಂದ್ರೆ ದಾವಣಗೆರೆ. ಆಮೇಲೆ ನಮ್ಮ ತಾಲೂಕು ಬಳ್ಳಾರಿಗೆ ಹೋಯ್ತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂತು. ನಿಂತಲ್ಲೇ ನಿಂತು ಮೂರು ಜಿಲ್ಲೆ ಕಂಡ ಗಾಡಿ! 108 ಆಂಬುಲೆನ್ಸ್ ಇಲ್ಲದ ಕಾಲದಲ್ಲಿ ಊರಿನ ಬಸುರಿಯರನ್ನ ಆಸ್ಪತ್ರೆಗೆ ಒಯ್ದಿದ್ದು ಇದೇ. ನನ್ನ ಟ್ರಂಕು, ಹಾಸಿಗೆ ಹೇರಿಕೊಂಡು ದಾವಣಗೆರೆಗೆ ಬಿಇ ಓದೋಕೆ ಬಿಟ್ಟು ಬಂದಿದ್ದೂ ಇದೇ.

ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ರಿಜಿಸ್ಟ್ರೇಷನ್ ನವೀಕರಿಸಬೇಕು. 2018ರಲ್ಲಿ ಒಂದು ಗ್ಯಾರೇಜಿನಲ್ಲಿ ಟಿಂಕರಿಂಗು, ಪೇಂಟಿಂಗು ಎರಡೂ ಮಾಡಿಸಿದ್ವಿ. 'ಮಾಡಿಸಿದ್ವಿ' ಅಂದ್ರೆ ನಾನು ಬೆಂಗಳೂರಿನಿಂದ ಹದಿನೆಂಟು ಸಾವಿರ ಕಳಿಸಿದೆ, ಅಷ್ಟೇ. ತಮ್ಮ ಫೋಟೋ ಕಳಿಸಿದ. ಹಾಲಿನಂಗೆ ಹೊಳೀತಿತ್ತು. ಸ್ಟೇಟಸ್ಸಿಗೂ ಹಾಕಿಕೊಂಡೆ.

ಐದು ವರ್ಷದಲ್ಲಿ ಬಾಗಿಲ ಕೆಳಗೆ ಬಣ್ಣ ಗುಳ್ಳೆ ಎದ್ದಿತ್ತು. "ಗುಜರಿಗೆ ಹಾಕಿಬಿಡಾನು" ಅಂದ ತಮ್ಮ. ಅಪ್ಪ ಏನೂ ಅನ್ನಲಿಲ್ಲ, ಎದ್ದು ದನದ ಕೊಟ್ಟಿಗೆಗೆ ಹೋದ. ಅದಕ್ಕೇ ನಾನು ಗ್ರೈಂಡರ್ ಹಿಡಿದೆ.

ಹಳೇ ಸ್ಪೀಕರಿನ ಮ್ಯಾಗ್ನೆಟ್ ಹಿಡಿದು ಬಾಡಿ ಪೂರ್ತಿ ತಡವಿದೆ. ತಗಡಿಗೆ ಅಂಟುತ್ತೆ, ಪುಟ್ಟಿ ದಪ್ಪ ಇದ್ದಲ್ಲಿ ಜಾರಿ ಬೀಳುತ್ತೆ. ಎಡಗಡೆ ಕೆಳಗೆ ಮೊಣಕೈ ಉದ್ದ ಎಲ್ಲೂ ನಿಲ್ಲಲಿಲ್ಲ. ವೈರ್ ಬ್ರಷ್ ಹಾಕಿದ್ರೆ ಪುಟ್ಟಿ ಹೆಂಟೆ ಹೆಂಟೆ ಉದುರಿತು. ಒಳಗೆ ತುರುಕಿದ್ದ ಪೇಪರು ಸಿಕ್ತು, 2018ರ ವಿಧಾನಸಭೆ ಚುನಾವಣೆ ಸುದ್ದಿ ಇದ್ದದ್ದು. ತೂತಿಗೆ ಪೇಪರು ತುಂಬಿ, ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ರು. ನೀರು ಕುಡಿದ ಪುಟ್ಟಿ ಐದು ವರ್ಷ ತಗಡನ್ನ ತೇವದಲ್ಲೇ ಇಟ್ಟಿತ್ತು. ಬಗ್ ಸರಿಮಾಡದೆ ಎರರ್ ಮೆಸೇಜ್ ಮುಚ್ಚಿಟ್ಟ ಹಾಗೆ.

ಮೂಲ ಕಾರಣ ಮ್ಯಾಟ್ ಎತ್ತಿದಾಗ ಸಿಕ್ತು. ಯೂರಿಯಾ, ಡಿಎಪಿ. ಅಪ್ಪ ವರ್ಷಗಟ್ಟಲೆ ಗೊಬ್ಬರದ ಚೀಲ ಹೇರಿದ್ದ. ಉದುರಿದ ಕಾಳು ಉಪ್ಪಿನಂಗೆ ಗಾಳಿಯಲ್ಲಿನ ತೇವ ಎಳೆದುಕೊಂಡು ನೆಲ ತಿಂದಿತ್ತು. ನೀರು ಇಳಿಯೋಕೆ ಕೆಳಗಿರೋ ಸಣ್ಣ ತೂತುಗಳಿಗೆ ಹೊಲದ ಮಣ್ಣು ಮೆತ್ತಿಕೊಂಡಿತ್ತು. ಮಳೆಯೇ ಬೇಕಾಗಿರಲಿಲ್ಲ.

ಕೊಳೆತ ತಗಡು ಕತ್ತರಿಸಿ, 20 ಗೇಜ್ ತಗಡಿನ ತೇಪೆ ಮಾಡಿದೆ. ಬಾಡಿಗೆಗೆ ತಂದ ಆರ್ಕ್ ವೆಲ್ಡಿಂಗಿನಲ್ಲಿ ನಾನೇ ಕೂಡಿಸೋಕೆ ಹೋಗಿ ತೂತು ಇನ್ನೂ ದೊಡ್ಡದಾಯ್ತು. ತೆಳು ತಗಡಿಗೆ ಆ ಬಿಸಿ ತಡೆಯಲ್ಲ. ಕೊನೆಗೆ ಮೇಸ್ತ್ರಿ ಮಿಗ್ ಮಷೀನ್ ತಂದ. ಪೆಟ್ರೋಲ್ ಟ್ಯಾಂಕು, ಬ್ಯಾಟರಿ ಬಿಚ್ಚಿಸಿ, ಇಲ್ಲೊಂದು ಅಲ್ಲೊಂದು ಚುಕ್ಕಿ ಇಟ್ಟಂಗೆ ಕೂಡಿಸಿದ. "ಒಂದೇ ಕಡೆ ಎಳದ್ರ ತಗಡು ಸೊಟ್ಟ ಆಕ್ಕತಿ ಅಣ್ಣಾ" ಅಂದ. ಆಮೇಲೆ ರೆಡ್ ಆಕ್ಸೈಡ್, ತೆಳ್ಳಗೆ ಪುಟ್ಟಿ, ಉಪ್ಪು ಕಾಗದದ ಉಜ್ಜಾಟ, ಬಣ್ಣ.

ಪೇಪರು ಸಿಕ್ಕ ದಿನ ಸಿಟ್ಟಿನಿಂದ ಅಪ್ಪನಿಗೆ ತೋರಿಸಿದ್ದೆ. ಅಪ್ಪ ನೋಡಲೂ ಇಲ್ಲ. "ಗೊತ್ತಿತ್ತಲೇ. ಅವತ್ತೇ ಬಡದು ನೋಡಿದ್ದೆ. ಡಬ್ ಡಬ್ ಅಂತಿತ್ತು."

"ಮತ್ತ್ಯಾಕೆ ಹೇಳ್ಲಿಲ್ಲಪ್ಪ?"

"ನೀನು ರೊಕ್ಕ ಕಳಿಸಿದ್ದಿ. ಫೋಟೋ ನೋಡಿ ಬಾಳ ಖುಷಿಪಟ್ಟಿದ್ದಿ. ಏನಂತ ಹೇಳ್ಲಿ?"

ಅವತ್ತು ಮಧ್ಯಾಹ್ನ ಕೆಲಸ ಸಾಗಲಿಲ್ಲ. ಪ್ರತಿ ಭಾನುವಾರ ಫೋನಲ್ಲಿ ನಾನು ಕೇಳೋದು, "ಎಲ್ಲಾ ಆರಾಮಾ?" ಅಪ್ಪ ಅನ್ನೋದು, "ಆರಾಮ ಐತಿ." ಹತ್ತು ವರ್ಷದಿಂದ ಇದೇ ಮಾತು. ನನಗೆ ಬೇಕಾದದ್ದೂ ಆ ಉತ್ತರವೇ ಆಗಿತ್ತು. ಆದರೆ ಆ ವಾರ ಪೂರ್ತಿ ಅಪ್ಪ ವ್ಯಾನಿನ ಪಕ್ಕ ಸ್ಟೂಲ್ ಹಾಕಿಕೊಂಡೇ ಕೂತಿದ್ದ. ಒಂದು ಸಲವೂ ಬಗ್ಗಿ ಕೆಳಗೆ ನೋಡಲಿಲ್ಲ. ಅವ್ವನ್ನ ಕೇಳಿದೆ. ಮೊಣಕಾಲು ಬಗ್ಗೋಲ್ಲ, ಎರಡು ವರ್ಷ ಆಯ್ತಂತೆ.

ವ್ಯಾನಿಗೆ ಇನ್ನೈದು ವರ್ಷ ಸಿಕ್ತು. ಆರ್‌ಟಿಓ ಕೆಲಸ ಮುಗಿದ ಮರುದಿನ ಅಪ್ಪನ್ನ ಕೂರಿಸಿಕೊಂಡು ದಾವಣಗೆರೆಗೆ ಹೊರಟೆ, ಮೂಳೆ ಡಾಕ್ಟರ ಹತ್ತಿರ. ಹತ್ತೋ ಮೊದಲು ಅಪ್ಪ ಬಾಗಿಲ ಕೆಳಗೆ ಊರುಗೋಲಿನ ತುದಿಯಿಂದ ಮೆಲ್ಲಗೆ ಬಡಿದ. ಟಣ್ ಅಂತು.

"ಈಗ ತಗಡು ಐತಿ" ಅಂದ.