ಒಂಬತ್ತು ವೋಲ್ಟಿನ ಪಂಚಾಯಿತಿ

ಮುಂಬಯಿಗೆ ಬರುವ ನಮ್ಮೂರ ನೆಂಟರು ಎರಡು ದಿನ ತಿರುಗಾಡಿದ ಮೇಲೆ ಕೇಳುವ ಪ್ರಶ್ನೆ ಒಂದೇ: "ಇಲ್ಲಿ ಎಲ್ಲಿ ಹೋದ್ರೂ ಯಾಕ ಹಿಂಗ ಮೈ ಸವರತಾರ?" ಮಾಲ್, ಸಿನಿಮಾ, ದೊಡ್ಡ ಹೋಟೆಲು, ಗಣಪತಿಯ ಪೆಂಡಾಲು, ಎಲ್ಲ ಕಡೆಗೂ ಕೈಯಲ್ಲಿ ಕರಿ ಕೋಲು ಹಿಡಿದ ಒಬ್ಬ ಇರುತ್ತಾನೆ. ಅದು ಮೆಟಲ್ ಡಿಟೆಕ್ಟರ್. ಬೆಂಗಳೂರಿನವರಿಗೆ ಇದೀಗ ಹೊಸದಲ್ಲ, ಗದಗಿನಿಂದ ಬರುವ ನಮ್ಮ ಅತ್ತಿಗೆಗೆ ಮಾತ್ರ ಇನ್ನೂ ಕಸಿವಿಸಿ.

ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ಈ ಊರಿಗೆ ಬಂದದ್ದು 1991ರಲ್ಲಿ. 1993ರ ಮಾರ್ಚ್ 12ರ ಮಧ್ಯಾಹ್ನ ಷೇರುಪೇಟೆಯ ಕಟ್ಟಡದಲ್ಲಿ ಬಾಂಬು ಸಿಡಿದಾಗ ಫೋರ್ಟಿನ ನಮ್ಮ ಶಾಖೆಯ ಗಾಜುಗಳು ನಡುಗಿದ್ದವು. ಆಮೇಲೆ 2006ರ ಜುಲೈ 11ರ ಲೋಕಲ್ ರೈಲು ಸ್ಫೋಟ, 2008ರ ನವೆಂಬರ್ 26. ಒಂದೊಂದು ಘಟನೆಯ ನಂತರವೂ ಈ ಕೋಲುಗಳು, ಬಾಗಿಲ ಚೌಕಟ್ಟಿನಂಥ ಯಂತ್ರಗಳು ಹೆಚ್ಚುತ್ತ ಹೋದವು. ಮುಲುಂಡಿನ ನಮ್ಮ ಸೊಸೈಟಿಯವರೂ ಅಂಗಳದ ಗಣೇಶೋತ್ಸವಕ್ಕೆಂದು ಒಂದು ಕೋಲು ಕೊಂಡರು. ಹತ್ತು ದಿನ ಅದರ ಕೆಲಸ, ಉಳಿದ ದಿನ ಆಫೀಸಿನ ಕಬ್ಬಿಣದ ಕಪಾಟಿನಲ್ಲಿ ವಿಶ್ರಾಂತಿ. ಎಲ್ಲ ತಾಪತ್ರಯ ಶುರುವಾದದ್ದು ಆ ವಿಶ್ರಾಂತಿಯಿಂದ.

2018ರ ಚತುರ್ಥಿ ಸೆಪ್ಟೆಂಬರ್ 13ಕ್ಕಿತ್ತು. ಅದರ ಹಿಂದಿನ ವಾರ ಸಂಜೆ ಗೇಟಿನ ಬಳಿ ನಮ್ಮ ಕಾವಲುಗಾರ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ಯಾದಗಿರಿ ಜಿಲ್ಲೆಯ ಹುಡುಗ, ಇಪ್ಪತ್ತಾರರ ವಯಸ್ಸು. ಜೂನಿನಲ್ಲಷ್ಟೇ ಸೇರಿದ್ದ. ಸೊಸೈಟಿಯ ಜನಕ್ಕೆಲ್ಲ ಅವನು 'ವಾಚ್‌ಮನ್', ಇಲ್ಲವೇ 'ಭಯ್ಯಾ'. ಅವನೊಡನೆ ಕನ್ನಡ ಆಡುವವರು ಇಡೀ ಕಟ್ಟಡದಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ.

"ಏನಾತೋ ತಮ್ಮಾ?" ಅಂದೆ.

"ಸಾಹೇಬ್ರ, ಮಷೀನ್ ಕೂಗವಲ್ದು. ನೀ ಕೆಡವಿ ಅಂತ ಅಂತಾರ್ರಿ. ಎರಡು ಸಾವಿರದ ಮಷೀನ್ ಅದ ಅಂತ, ಪಗಾರದಾಗ ನಾಕು ಕಂತು ಕಡಿತೀವಿ ಅಂದಾರ. ದೇವರಾಣಿ ನಾ ಕೆಡವಿಲ್ರಿ."

ಕಂತೊಂದಕ್ಕೆ ಐನೂರು. ಆರು ಜನರ ಜೊತೆ ಒಂದು ಕೋಲಿಯಲ್ಲಿದ್ದು, ಊರಿಗೆ ದುಡ್ಡು ಕಳಿಸುವವನಿಗೆ ಐನೂರು ಅಂದರೆ ಏನೆಂಬುದು ನನಗೆ ಗೊತ್ತಿತ್ತು. ಯಂತ್ರವನ್ನು ಒಂದು ರಾತ್ರಿ ಮನೆಗೆ ಒಯ್ಯಲು ಕಾರ್ಯದರ್ಶಿಗಳ ಒಪ್ಪಿಗೆ ಪಡೆದೆ.

ಎಂ.ಕಾಂ. ಓದಿದವನಿಗೆ ಯಂತ್ರದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದ ರಾತ್ರಿಗಳನ್ನು ಕಳೆದವನು ನಾನು. ವ್ಯತ್ಯಾಸ 9ರಿಂದ ಭಾಗವಾದರೆ ಯಾರೋ ಎರಡು ಅಂಕಿ ಅದಲು ಬದಲು ಬರೆದಿರುವ ಸಂಭವ ಹೆಚ್ಚು, ಮೊದಲು ಅದನ್ನು ನೋಡು, ಆಮೇಲೆ ಲೆಡ್ಜರ್ ಬಿಚ್ಚು ಎಂದು ನಮ್ಮ ಹಿರಿಯರು ಕಲಿಸಿದ್ದರು. ಸುಲಭವಾದದ್ದನ್ನು ಮೊದಲು ನೋಡಬೇಕು. ಕೆಟ್ಟ ಯಂತ್ರಕ್ಕೂ ಅದೇ ಶಾಸ್ತ್ರ, ಇಲ್ಲಿಯೂ 9 ವೋಲ್ಟಿನದೇ ಕಥೆ.

ಈ ಕೋಲಿನೊಳಗೆ ಒಂದು ತಂತಿಯ ಸುರುಳಿ ಇರುತ್ತದೆ. ಅದು ಸುತ್ತಲೂ ಒಂದು ಏರಿಳಿತದ ಕಾಂತಕ್ಷೇತ್ರ ಹರಡುತ್ತದೆ. ಲೋಹ ಹತ್ತಿರ ಬಂದರೆ ಲೋಹದೊಳಗೆ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ, ಕ್ಷೇತ್ರ ಕದಡುತ್ತದೆ, ಯಂತ್ರ ಕೂಗುತ್ತದೆ. ಇಷ್ಟಕ್ಕೆಲ್ಲ ಬೇಕಾದ ಶಕ್ತಿ ಹಿಡಿಕೆಯಲ್ಲಿರುವ ಬೆಂಕಿಪೆಟ್ಟಿಗೆಯಂಥ ಚೌಕು ಬ್ಯಾಟರಿಯದು. ಅದನ್ನು ಒಂದೇ ಬ್ಯಾಟರಿ ಅನ್ನುತ್ತೇವೆ, ಒಳಗಿರುವುದು ಒಂದೂವರೆ ವೋಲ್ಟಿನ 6 ಪುಟ್ಟ ಸೆಲ್. ಆರರಲ್ಲಿ ಒಂದು ಸೋತರೂ ಮನೆಯೆಲ್ಲ ಸೋತಂತೆ. ಮರುಚಾರ್ಜ್ ಮಾಡುವ ಬ್ಯಾಟರಿಯಾದರೆ ಒಂದೊಂದು ಸೆಲ್ಲು 1.2 ವೋಲ್ಟು. ಆರಕ್ಕೆ 7.2, ಏಳಕ್ಕೆ 8.4. ಮೇಲೆ 9 ಎಂದು ಅಚ್ಚು ಹಾಕಿದ್ದರೂ ಲೆಕ್ಕ ಇಷ್ಟೇ. ಉಳಿತಾಯಕ್ಕೆಂದು ಇಂಥದ್ದನ್ನು ಹಾಕಿ 'ದೂರದಿಂದ ಹಿಡಿಯುವುದಿಲ್ಲ' ಎಂದು ಗೊಣಗುವವರನ್ನು ಕಂಡಿದ್ದೇನೆ.

ಮಲ್ಟಿಮೀಟರ್ ನನ್ನಲ್ಲಿ ಇತ್ತು, ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡದ್ದು. ಹಳೆಯ ಬ್ಯಾಟರಿಯನ್ನು ಹೊರಗೆ ತೆಗೆದು ಅಳೆದರೆ 8.6 ತೋರಿಸಿತು. ಪರವಾಗಿಲ್ಲ ಅನ್ನಿಸುತ್ತದಲ್ಲವೆ? ಇಲ್ಲೇ ಜನ ಮೋಸ ಹೋಗುವುದು. ಸೋತ ಬ್ಯಾಟರಿ ಕೆಲಸವಿಲ್ಲದಾಗ ಚೆನ್ನಾಗಿಯೇ ಕಾಣುತ್ತದೆ. ಭಾರ ಹೊರಿಸಿದಾಗ ಅಳೆಯಬೇಕು. ಅದಕ್ಕೆಂದು ಒಂದು ಸಣ್ಣ ಬಲ್ಬನ್ನು ಅದಕ್ಕೆ ತಗುಲಿಸಿದೆ, ಮುಳ್ಳು 6ಕ್ಕಿಂತ ಕೆಳಗೆ ಜಾರಿತು. ಹೊಸ ಬ್ಯಾಟರಿ ಹಾಕಿದೆ. ಆಗಲೂ ಯಂತ್ರ ಮೂಕ.

ಹಾಗಾದರೆ ತೊಂದರೆ ನಡುದಾರಿಯಲ್ಲಿ. ಬ್ಯಾಟರಿಯ ತಲೆಗೆ ಒತ್ತಿ ಕೂರಿಸುವ ಎರಡು ಗುಂಡಿಯ ಟೊಪ್ಪಿಯನ್ನು ಕನ್ನಡಕ ಹಾಕಿಕೊಂಡು ನೋಡಿದೆ. ಒಂದು ಗುಂಡಿಯ ಸುತ್ತ ಸುಣ್ಣದಂಥ ಬಿಳಿ ಪುಡಿ, ಅಂಚಿಗೆ ಹಸಿರು ಕಿಲುಬು. ಆಲ್ಕಲೈನ್ ಬ್ಯಾಟರಿ ಬಹಳ ದಿನ ಒಳಗೇ ಉಳಿದರೆ ಅದರ ಕ್ಷಾರ ಸೋರಿ, ಗಾಳಿ ತಾಗಿ, ಹೀಗೆ ಬಿಳಿಯಾಗಿ ಗಟ್ಟಿಯಾಗುತ್ತದೆ. ಇದನ್ನು ಕೈಯಲ್ಲಿ ಉಜ್ಜಬಾರದು, ಚರ್ಮ ಸುಡುತ್ತದೆ. ಕೈಚೀಲ ತೊಟ್ಟು, ಕಿವಿಗಡ್ಡಿಯ ಹತ್ತಿಗೆ ನಿಂಬೆರಸ ಅದ್ದಿ ಸವರಿದರೆ ನೊರೆ ಬಂದು ಬಿಡುತ್ತದೆ. ಆಮೇಲೆ ಸ್ಪಿರಿಟ್ಟಿನಿಂದ ಒರೆಸಿ, ಒಣಗಿಸಿ, ಪೆನ್ಸಿಲ್ಲಿನ ರಬ್ಬರಿನಿಂದ ಗುಂಡಿಯನ್ನು ಮಿರುಗುವಂತೆ ತಿಕ್ಕಬೇಕು. ಸಡಿಲಾದ ಗುಂಡಿಯ ಎಸಳುಗಳನ್ನು ಇಕ್ಕಳದಿಂದ ಹಗುರವಾಗಿ ಒಳಕ್ಕೆ ಒತ್ತಿದೆ. ನನ್ನವಳು ಮಾತ್ರ, "ನಾಳೆ ಚಿತ್ರಾನ್ನಕ್ಕ ಅಂತ ತಂದ ನಿಂಬೆಹಣ್ಣು" ಅಂದಳು.

ಈಗ ಲೈಟು ಹತ್ತಿತು. ಹಿಡಿಕೆಯನ್ನು ಒಂದು ಕಡೆ ವಾಲಿಸಿದರೆ ಹತ್ತುತ್ತದೆ, ನೆಟ್ಟಗೆ ಹಿಡಿದರೆ ಆರುತ್ತದೆ. ಇದು ತಂತಿಯ ರೋಗ. ಕೆಂಪು ತಂತಿ ಮೇಲೆ ನೋಡಲು ಸರಿಯಾಗಿತ್ತು. ಬೆಸುಗೆಯ ಹತ್ತಿರ ಹಿಸುಕಿದರೆ ರಬ್ಬರಿನ ಹೊದಿಕೆಯೊಳಗೆ ಟೊಳ್ಳು. ಕ್ಷಾರ ತಂತಿಯ ಒಳಗೂ ಹರಿದು ತಾಮ್ರವನ್ನು ಕಪ್ಪಾಗಿಸಿ ತಿಂದಿತ್ತು. ಅರ್ಧ ಇಂಚು ಕತ್ತರಿಸಿ, ಶುದ್ಧ ತಾಮ್ರ ಕಂಡ ಮೇಲೆ ಮತ್ತೆ ಬೆಸುಗೆ ಹಾಕಿದೆ. ಕೀಲಿಗೊಂಚಲು ತೋರಿಸಿದರೆ ರಾತ್ರಿ ಹನ್ನೊಂದಕ್ಕೆ ಇಡೀ ಮಹಡಿಗೆ ಕೇಳುವಂತೆ ಕೂಗಿತು.

ಯಂತ್ರ ಸರಿಹೋಯಿತು, ಆದರೆ ಹುಡುಗನ ಮೇಲಿನ ಆರೋಪ ಹೋಗಲಿಲ್ಲ. 'ಕೆಡವಿದ್ದರಿಂದಲೇ ತಂತಿ ತುಂಡಾಗಿರಬಹುದು' ಎಂದರೆ? ನನಗೆ ಹೊಳೆದದ್ದು ವೋಚರ್ ಫೈಲು. ಮರುದಿನ ಆಫೀಸಿನಲ್ಲಿ ಕುಳಿತು ಹಿಂದಿನ ವರ್ಷದ ಖರ್ಚಿನ ಚೀಟಿ ತಿರುವಿದೆ. '9 ವೋಲ್ಟ್ ಬ್ಯಾಟರಿ, 1 ನಗ', ತಾರೀಖು 2017ರ ಆಗಸ್ಟ್ 22. ಅದರ ನಂತರ ಬ್ಯಾಟರಿ ಕೊಂಡ ಚೀಟಿಯೇ ಇಲ್ಲ. ಅಂದರೆ ಆ ವರ್ಷದ ಉತ್ಸವ ಮುಗಿದ ಮೇಲೆ ಅದೇ ಬ್ಯಾಟರಿ ಯಂತ್ರದ ಹೊಟ್ಟೆಯಲ್ಲೇ ಒಂದು ಇಡೀ ವರ್ಷ, ಮುಂಬಯಿಯ ಒಂದು ಇಡೀ ಮಳೆಗಾಲ, ಕೊಳೆತಿದೆ. ಹುಡುಗ ಸೇರಿದ್ದು 2018ರ ಜೂನಿನಲ್ಲಿ. ಕಪಾಟಿನ ಕೀಲಿ ಅವನ ಕೈಗೆ ಬಂದದ್ದು ಸೆಪ್ಟೆಂಬರಿನಲ್ಲಿ. ಅಷ್ಟು ಕಿಲುಬು ಒಂದು ವಾರದಲ್ಲಿ ಹುಟ್ಟುವುದಿಲ್ಲ, ಕೆಡವಿದರಂತೂ ಹುಟ್ಟುವುದೇ ಇಲ್ಲ.

ಕಮಿಟಿಯ ಸಭೆಯಲ್ಲಿ ಚೀಟಿಯನ್ನೂ ಕತ್ತರಿಸಿದ ತಂತಿಯ ತುಂಡನ್ನೂ ಮೇಜಿನ ಮೇಲಿಟ್ಟೆ. ನನ್ನ ಮರಾಠಿ ಇವತ್ತಿಗೂ ಬ್ಯಾಂಕಿನ ಕೌಂಟರ್ ಮರಾಠಿ, ಆದರೆ ತಾರೀಖುಗಳಿಗೆ ಭಾಷೆ ಬೇಕಾಗಲಿಲ್ಲ. ಯಾರೂ ತಪ್ಪಾಯಿತು ಅನ್ನಲಿಲ್ಲ. ಖಜಾಂಚಿ ಮಾತ್ರ ಕನ್ನಡಕದ ಮೇಲಿನಿಂದ ನೋಡಿ "ಬರೋಬರ್ ಆಹೆ" ಎಂದರು. ಆಗಲೇ ಕಡಿದಿದ್ದ ಒಂದು ಕಂತು ಮುಂದಿನ ಪಗಾರದಲ್ಲಿ ಹಿಂತಿರುಗಿತು. ಉಳಿದ ಮೂರು ಕಂತು ರದ್ದು.

ಅಲ್ಲಿಂದ ನನಗೆ ಈ ವಿದ್ಯೆಯ ಹೆಸರು ಅಂಟಿತು. ಒಂದು ಕನ್ನಡ ಸಮಾರಂಭಕ್ಕೆ ಬಾಡಿಗೆಗೆ ತಂದ ಬಾಗಿಲ ಯಂತ್ರ ಯಾರೂ ಹಾಯದಿದ್ದರೂ ಕೂಗುತ್ತದೆ ಎಂದು ಕರೆದರು. ನೋಡಿದರೆ ಒಂದು ಪಕ್ಕದ ಕಂಬದ ಕೇಬಲ್ ಅರ್ಧ ಮಾತ್ರ ಕೂತಿತ್ತು. ಅದನ್ನು ಒತ್ತಿದ ಮೇಲೂ ಕೂಗು ನಿಲ್ಲಲಿಲ್ಲ. ಪಕ್ಕದಲ್ಲೇ ನೂರು ಉಕ್ಕಿನ ಮಡಿಸುವ ಕುರ್ಚಿ ಪೇರಿಸಿಟ್ಟಿದ್ದರು, ಹುಡುಗರು ಅವನ್ನು ಒಂದೊಂದಾಗಿ ಎಳೆಯುತ್ತಿದ್ದರು! ನಗಬೇಡಿ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡು ತಗುಲಿದಾಗ, ಟೆಲಿಫೋನಿನ ಗ್ರಹಾಂ ಬೆಲ್ಲರು ದೇಹದೊಳಗಿನ ಗುಂಡನ್ನು ಹುಡುಕಲು ಇಂಥದೇ ಯಂತ್ರ ಹಿಡಿದು ಹೋಗಿ ಸೋತರು. ರೋಗಿಯ ಹಾಸಿಗೆಯಲ್ಲಿದ್ದ ಲೋಹದ ಸ್ಪ್ರಿಂಗುಗಳೂ ಅದಕ್ಕೊಂದು ಕಾರಣ ಎನ್ನುತ್ತಾರೆ. ಅಂಥವರಿಗೇ ಹಾಗಾದ ಮೇಲೆ ನಮ್ಮ ಕುರ್ಚಿ ಯಾವ ಲೆಕ್ಕ.

ನಮ್ಮ ಹುಡುಗ 2019ರ ಕೊನೆಗೆ ಠಾಣೆಯ ಕಡೆ ಬೇರೆ ಜಾಗಕ್ಕೆ ಹೋದ. ಹೋಗುವ ಮುನ್ನ ಅವನ ಜಾಗಕ್ಕೆ ಬಂದ ಬಿಹಾರದ ಹುಡುಗನಿಗೆ ಗೇಟಿನ ಬಳಿ ಪಾಠ ಹೇಳುತ್ತಿದ್ದ. ನಾನು ಹಾಲು ತರಲು ಹೊರಟವನು ಕೇಳುತ್ತ ನಿಂತೆ. "ಉತ್ಸವ್ ಖತಮ್, ಸೆಲ್ ಬಾಹರ್. ಡಬ್ಬೀ ಮೇ ತಾರೀಖ್ ಲಿಖ್ ಕೆ ರಖೋ. ನಹೀ ತೋ ಅಂದರ್ ಕ್ಯಾ ಹೋತಾ ಹೈ ಮಾಲೂಮ್..." ಅಷ್ಟಕ್ಕೆ ಅವನ ಹಿಂದಿ ಮುಗಿಯಿತು. ನನ್ನ ಕಡೆ ನೋಡಿದ. ನನಗೂ ಹೊಳೆಯಲಿಲ್ಲ. "ಕಿಲುಬು ಹೋತಾ ಹೈ" ಎಂದುಬಿಟ್ಟ. ಬಿಹಾರದ ಹುಡುಗ ತಲೆಯಾಡಿಸಿದ. ಈಗ ಸೊಸೈಟಿಯ ರಿಜಿಸ್ಟರಿನಲ್ಲಿ ಪ್ರತಿ ವರ್ಷ ವಿಸರ್ಜನೆಯ ಮರುದಿನ ಒಂದು ಸಾಲು ಇರುತ್ತದೆ, ದೇವನಾಗರಿ ಲಿಪಿಯಲ್ಲಿ: ಸೆಲ್ ನಿಕಾಲಾ, ಕಿಲುಬು ನಹೀ.